ಮುರಿಗೆವ್ವನ ಬಲಗಣ್ಣಿಗೆ ಬಿದ್ದ ನೀಲಿ

ಎದುರು ಮನೆಯ ತಾರಸಿಯ ಮೇಲಿರುವ ಕಪ್ಪು ನೀರಿನ ಟ್ಯಾಂಕಿನ ಹಿಂದಿನಿಂದ ಸೂರ್ಯ ಈಚೆ ಬರುವುದನ್ನೇ ಮುರಿಗೆವ್ವ ಕೊಲ್ಹಾರ ಕಾಯುತ್ತಿದ್ದಾರೆ. ಬೆಂಗಳೂರು ಶ್ರೀನಗರದ ಈ ಇಳಿಜಾರು ರಸ್ತೆಯಲ್ಲಿ ಹಾಲಿನ ಸ್ಕೂಟರು, ಪೇಪರಿನವರ ಸೈಕಲ್ಲು ಬಿಟ್ಟರೆ ಇನ್ನೂ ಓಡಾಟವಿಲ್ಲ. ಮನೆಯ ಯಜಮಾನ, ನಿವೃತ್ತ ಅಂಚೆ ನೌಕರ ಏಕಾಂತಯ್ಯ, ಗೋಡೆಯಿಂದ ಇಳಿಸಿದ ಪುಟ್ಟ ಚೌಕಟ್ಟೊಂದನ್ನು ಎಳೆಗೂಸಿನಂತೆ ಎದೆಗವಚಿಕೊಂಡು ನಿಂತಿದ್ದಾರೆ.

"ಇನ್ನೊಂದೈದು ನಿಮಿಷ ಮೇಡಂ. ಈ ಟ್ಯಾಂಕ್ ಬಂದ್ಮೇಲೆ ನಮ್ಮನೆಗೆ ಸೂರ್ಯ ಸ್ವಲ್ಪ ಲೇಟು," ಎನ್ನುತ್ತಾರೆ ಅವರು, ತಪ್ಪು ತಮ್ಮದೇ ಎಂಬಂತೆ.

"ಬರ್ಲಿ ಬಿಡ್ರಿ, ಅವಸರಿಲ್ಲ. ಚಿತ್ರ ಇನ್ನೂರು ವರ್ಷ ಕಾದೈತಿ. ನಾವು ಐದು ನಿಮಿಷ ಕಾಯಂಗಿಲ್ಲೇನ್ರಿ?" ಎನ್ನುತ್ತಾರೆ ಮುರಿಗೆವ್ವ.

ಬೆಳಕು ಬರುತ್ತದೆ. ಕಿಟಕಿಯ ಸರಳುಗಳ ನಡುವೆ ನುಸುಳಿ ದಿವಾನದ ಮೇಲೆ ಓರೆಯಾಗಿ ಬೀಳುತ್ತದೆ. ಮುರಿಗೆವ್ವ ಚಿತ್ರವನ್ನು ಒಗೆದ ಬಿಳಿ ಪಂಚೆಯ ಮೇಲೆ ಮಲಗಿಸಿ, ಮೊಣಕಾಲೂರಿ, ಬಾಗಿ, ಬಲಗಣ್ಣಿಗೆ ಭೂತಕನ್ನಡಿ ಹಿಡಿಯುತ್ತಾರೆ. ಅಂಗೈಗಿಂತ ಸ್ವಲ್ಪ ದೊಡ್ಡ ಕಾಗದ. ಅದರಲ್ಲೊಬ್ಬ ರಾಜಕುಮಾರ. ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯ ಮೇಲೆ ಬಿಳಿಯ ಗಿಡುಗ. ಉಸಿರು ಬಿಗಿಹಿಡಿದು ನೋಡುತ್ತಿದ್ದವರು ಇದ್ದಕ್ಕಿದ್ದಂತೆ, ತಮ್ಮ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನ ತೋಳು ಹಿಡಿದು ಜಗ್ಗುತ್ತಾರೆ.

"ಬರ್ರಿ ಇಲ್ಲೆ, ನೋಡ್ರಿ! ಮುತ್ತಿನ ನೆರಳು!"

ನೋಡುತ್ತೇನೆ. ರಾಜಕುಮಾರನ ಕೊರಳಿನ ಹಾರದಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿಯ ಚುಕ್ಕಿಗಳು. ಪ್ರತಿ ಚುಕ್ಕಿಯೂ ಕಾಗದದಿಂದ ಒಂದಿಷ್ಟು ಮೇಲೆದ್ದಿದೆ. ಪ್ರತಿಯೊಂದರ ಪಕ್ಕದಲ್ಲೂ ಕೂದಲೆಳೆಯಷ್ಟು ನೆರಳು.

"ಟ್ಯೂಬ್‌ಲೈಟಿನ್ಯಾಗ ಇವು ಬರೇ ಚುಕ್ಕಿ. ಮುಂಜಾನಿ ಅಡ್ಡಬೆಳಕಿನ್ಯಾಗ ಮುತ್ತಾಗ್ತಾವ. ಬರದಾಂವ ಮುತ್ತು ಬರದಾನ್ರಿ, ಚುಕ್ಕಿ ಅಲ್ಲ," ಎನ್ನುತ್ತಾರೆ. ಆಮೇಲೆ ರಾಜಕುಮಾರನ ಪೇಟದ ಮೇಲೆ ಕನ್ನಡಿ ಹಿಡಿಯುತ್ತಾರೆ. ಮುಖದ ಮೇಲೆ ನಗು ಹರಡುತ್ತಾ ಹೋಗುತ್ತದೆ.

ಏಕಾಂತಯ್ಯನವರಿಗೆ ತಡೆಯಲಾಗುವುದಿಲ್ಲ. "ಹೋದ್ಸಲ ಬಂದಾಗ ಪೇಟ ಬೂದು ಬಣ್ಣ ಅಂದಿದ್ರಿ ಮೇಡಂ."

"ಅಂದಿದ್ದೆ. ಅದಕ್ಕ ಮತ್ತ ಬಂದೀನಿ. ಬೂದು ಅಲ್ರಿ, ನೀಲಿ! ಅಚ್ಚ ನೀಲಿ! ತಪ್ಪು ಪೇಟದ್ದಲ್ಲ, ನಂದು."

ಸೂರ್ಯ ಮೇಲೇರಿದೊಡನೆ ಓರೆಬೆಳಕು ನೆಟ್ಟಗಾಗುತ್ತದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿದೆ. ಕೆಳಗೆ ರಸ್ತೆಯಲ್ಲಿ ಸ್ಕೂಟರ್ ಹಾರನ್ ಕೇಳಿಸುತ್ತದೆ. ಅದು ಮುರಿಗೆವ್ವನವರ ಪತಿ ಚನ್ನವೀರ. ಅವರು ಶಾಲಾ ವ್ಯಾನ್ ಓಡಿಸುತ್ತಾರೆ. ಹೆಂಡತಿಯನ್ನು ಬಿಟಿಎಂ ಲೇಔಟಿನ ಮನೆಗೆ ಮುಟ್ಟಿಸಿ, ಮಕ್ಕಳನ್ನು ಹತ್ತಿಸಿಕೊಳ್ಳಲು ಹೊರಡಬೇಕು.

ಬೆಳಗಿನ ಜಾವ ಅಪರಿಚಿತರ ಮನೆಯ ಬೆಲ್ ಒತ್ತಿ "ನಿಮ್ಮನಿ ಗ್ವಾಡಿ ಮ್ಯಾಲಿನ ಚಿತ್ರ ನೋಡಬೇಕ್ರಿ" ಎಂದು ಕೇಳುವ ಈ ಅರವತ್ತೊಂದರ ಮಹಿಳೆ, ಭಾರತೀಯ ಚಿಕಣಿ ಚಿತ್ರಗಳ ವಿದ್ವಾಂಸೆ. ಹಿಂದೆ ಅರಸರ, ಸಾಹುಕಾರರ ಆಶ್ರಯದಲ್ಲಿ ಅಳಿಲಿನ ಬಾಲದ ಕೂದಲಿನ ಕುಂಚದಿಂದ ಕಾಗದದ ಮೇಲೆ ಬರೆಯುತ್ತಿದ್ದ ಪುಟ್ಟ ಚಿತ್ರಗಳು ಇವು. ದಖ್ಖನಿನ ಚಿತ್ರಗಳೆಂದರೆ, ಅದರಲ್ಲೂ ರಾಗಗಳನ್ನು ಹೆಣ್ಣು ಗಂಡುಗಳಾಗಿ ಕಲ್ಪಿಸಿ ಬರೆದ ರಾಗಮಾಲೆಯ ಹಾಳೆಗಳೆಂದರೆ ಮುರಿಗೆವ್ವನವರಿಗೆ ಪ್ರಾಣ. ಅವರ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲ. ಬೇರೆಯವರ ದಪ್ಪ ಪುಸ್ತಕಗಳ ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಹತ್ತು ಹೆಸರುಗಳ ನಡುವೆ ಹುಡುಕಿದರೆ ಸಿಗುತ್ತದೆ.

"ಮೊದಲ ನಾನು ಕಿರುಚಿತ್ರದ ಮ್ಯಾಲ ಕೆಲಸ ಮಾಡ್ತೀನಿ ಅಂತ ಹೇಳ್ತಿದ್ದೆ," ಎಂದು ನಗುತ್ತಾರೆ. "ನಮ್ಮ ಮನಿ ಓನರು ಕೇಳಿದ್ರು, ಆಂಟಿ ನೀವು ಡೈರೆಕ್ಟರ್ರಾ, ಯಾವ್ದರಲ್ಲಿ ರಿಲೀಸು ಅಂತ. ಅವತ್ತಿಂದ ಚಿಕಣಿ ಚಿತ್ರ ಅನ್ನಾಕತ್ತೀನಿ. ಈಗ ಚಿಕ್ಕಣ್ಣನ ಚಿತ್ರ ಅಂತ ತಿಳ್ಕೋತಾರ."

ಮುರಿಗೆವ್ವ ಹುಟ್ಟಿದ್ದು ವಿಜಯಪುರ ಜಿಲ್ಲೆಯಲ್ಲಿ. ತಂದೆ ಬಸ್ ನಿಲ್ದಾಣದ ಬಳಿ ಚಹಾ ಅಂಗಡಿ ಇಟ್ಟಿದ್ದವರು. ಪ್ರತಿವರ್ಷ ಜೂನ್‌ನಲ್ಲಿ ಶಾಲೆ ಪುಸ್ತಕಗಳಿಗೆ ರಟ್ಟು ಹಾಕಲು ಹಳೆಯ ಕ್ಯಾಲೆಂಡರುಗಳನ್ನು ಹರಿಯುವುದು ಮನೆಯ ಪದ್ಧತಿ. ಐದನೆಯ ತರಗತಿಯ ವರ್ಷ ಅವರ ಪಾಲಿಗೆ ಬಂದ ಹಾಳೆಯಲ್ಲಿ ದೇವರಿರಲಿಲ್ಲ, ಸಿನಿಮಾ ನಟಿಯೂ ಇರಲಿಲ್ಲ. ಮೋಡ ಕವಿದ ಆಕಾಶದ ಕೆಳಗೆ ಜೋಕಾಲಿಯ ಮೇಲೊಬ್ಬ ಹೆಂಗಸು, ಬುಡದಲ್ಲಿ ಒಂದು ನವಿಲು. ಗಣಿತದ ಪುಸ್ತಕಕ್ಕೆ ಆ ಹಾಳೆ ಹಾಕಿದರು.

"ಮಾಸ್ತರು ಕೇಳಿದ್ರು, ಯಾರಕಿ? ನನಗ ಗೊತ್ತಿಲ್ರೀ ಅಂದೆ. ಅವರಿಗೂ ಗೊತ್ತಿರಲಿಲ್ಲ. ಹೆಡ್‌ಮಾಸ್ತರ ಕಡೆ ಹೋದ್ವಿ, ಅವರಿಗೂ ಗೊತ್ತಿರಲಿಲ್ಲ. ಇಡೀ ಸಾಲ್ಯಾಗ ಯಾರಿಗೂ ಗೊತ್ತಿಲ್ಲದ ಒಬ್ಬಾಕಿ ನನ್ನ ಪುಸ್ತಕದ ಮ್ಯಾಲ ಕುಂತಾಳಲ್ಲ ಅಂತ ನನಗ ಭಾಳ ಖುಷಿ ಆತ್ರಿ. ಆ ವರ್ಷ ಗಣಿತದಾಗ ಫೇಲಾದೆ, ಅದು ಬ್ಯಾರೆ ಮಾತು."

ಜೋಕಾಲಿಯ ಮೇಲಿನವಳ ಹೆಸರು ಹಿಂದೋಳ, ಅವಳೊಂದು ರಾಗ ಎಂದು ತಿಳಿಯಲು ಅವರಿಗೆ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಧಾರವಾಡದಲ್ಲಿ ಇತಿಹಾಸ ಎಂ.ಎ. ಮಾಡುವಾಗ ಗ್ರಂಥಾಲಯದ ಮೂಲೆಯಲ್ಲಿ ಅಂಥದೇ ಚಿತ್ರವೊಂದು ಸಿಕ್ಕಿತು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಜಯನಗರದ ಪದವಿಪೂರ್ವ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಹಿಡಿದರು. ಅಲ್ಲಿ ಪ್ರತಿವರ್ಷವೂ ಅರೆಕಾಲಿಕವೇ. ಪಿಎಚ್.ಡಿ. ಅರ್ಧಕ್ಕೆ ಬರುವಾಗ ಮಾರ್ಗದರ್ಶಕರು ನಿವೃತ್ತರಾದರು. ಹೊಸಬರು ವಿಷಯ ಬದಲಿಸಿಕೊಳ್ಳಿ ಎಂದರು. ಮುರಿಗೆವ್ವ ವಿಷಯ ಬದಲಿಸಲಿಲ್ಲ, ಮಾರ್ಗದರ್ಶಕರನ್ನೇ ಬದಲಿಸಿಕೊಂಡರು. ಪದವಿ ಬರುವ ಹೊತ್ತಿಗೆ ಅವರ ಮಗಳು ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಳು. ಇಬ್ಬರಿಗೂ ಸೇರಿಸಿ ಒಂದೇ ಕೇಕ್ ಕತ್ತರಿಸಿದ ಫೋಟೋ ಈಗಲೂ ಅವರ ಮನೆಯ ಫ್ರಿಜ್ಜಿನ ಮೇಲಿದೆ.

ಚಿಕಣಿ ಚಿತ್ರಗಳನ್ನು ನೋಡುವುದೇ ಒಂದು ಸಾಹಸ. ವಸ್ತುಸಂಗ್ರಹಾಲಯಗಳಲ್ಲಿ ಅವು ಗಾಜಿನ ಹಿಂದೆ, ಮಂದ ಬೆಳಕಿನಲ್ಲಿ ಇರುತ್ತವೆ. ಒಳಗೆ ಕೂತು ನೋಡಲು ಶಿಫಾರಸು ಬೇಕು. ರೈಲಿನಲ್ಲಿ ಹೈದರಾಬಾದಿಗೆ ಹೋಗಿ ಒಂದೇ ಚಿತ್ರದ ಮುಂದೆ ದಿನವಿಡೀ ನಿಂತು ಬಂದದ್ದುಂಟು. "ಕಾವಲುಗಾರ ಬಂದು ಕೇಳಿದ, ಅಮ್ಮಾ ಯಾರಾದ್ರೂ ತಪ್ಪಿಸಿಕೊಂಡಾರೇನು ಅಂತ. ಇಲ್ಲಪ್ಪ, ಸಿಕ್ಕಾರ ಅಂದೆ," ಎಂದು ಆ ದಿನವನ್ನು ನೆನೆಯುತ್ತಾರೆ.

ಮನೆಗಳ ಗೋಡೆಗಳತ್ತ ಅವರು ಹೊರಳಿದ್ದು ಹೀಗೆ ಬಾಗಿಲುಗಳು ತೆರೆಯದಿದ್ದಾಗಲೇ. ದಕ್ಷಿಣ ಬೆಂಗಳೂರಿನ ಹಳೆಯ ಮನೆಗಳಲ್ಲಿ, ದೇವರ ಕೋಣೆಯಲ್ಲಿ, ಟ್ರಂಕಿನ ತಳದಲ್ಲಿ, ಪಂಚಾಂಗದ ನಡುವೆ ಇಂಥ ಹಾಳೆಗಳು ಇರುತ್ತವೆ ಎಂಬ ಗುಮಾನಿ ಅವರದು. ಪಾಠ ಕೇಳಿದ ವಿದ್ಯಾರ್ಥಿಗಳು, ಚನ್ನವೀರ ಅವರ ವ್ಯಾನಿನ ಮಕ್ಕಳ ತಾಯಂದಿರು, ಬನಶಂಕರಿ ದೇವಸ್ಥಾನದ ಮುಂದೆ ಪರಿಚಯವಾದವರು, ಹೀಗೆ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿತು. ಹತ್ತು ಮನೆಗೆ ಹೋದರೆ ಎಂಟರಲ್ಲಿ ಇರುವುದು ಅಚ್ಚು ಹಾಕಿದ ಚಿತ್ರವೇ.

"ಅದಕ್ಕ ಡೂಪ್ಲಿಕೇಟ್ ಅಂತ ಒಮ್ಮೆನೂ ಅಂದಿಲ್ರಿ. ಛಲೋ ಪ್ರಿಂಟ್ ಐತಿ, ಬಿಸಿಲಿಗೆ ಹಾಕಬ್ಯಾಡ್ರಿ ಅಂತ ಹೇಳಿ ಚಾ ಕುಡದು ಬರ್ತೀನಿ. ಅವರ ಅಜ್ಜ ಕೈ ಮುಗದ ಚಿತ್ರ ಅದು. ಸುಳ್ಳು ಹೆಂಗಾಗ್ತದ?"

ಹೀಗೆ ಸೇರಿಸಿದ ತಿಳಿವಳಿಕೆಯನ್ನೆಲ್ಲ ಅವರು ಒಂದು ಪುಸ್ತಕ ಮಾಡಿದರು. ಕನ್ನಡದಲ್ಲೇ ಬರೆದರು. ಬನಶಂಕರಿ ಎರಡನೇ ಹಂತದಲ್ಲಿ ಸಣ್ಣ ಪ್ರಕಾಶನ ನಡೆಸುವ ಮೈತ್ರೇಯಿ ಅದನ್ನು ಪ್ರಕಟಿಸಲು ಮುಂದೆ ಬಂದರು. ಹಾಳೆಗಳು ಅಚ್ಚಿಗೆ ಸಿದ್ಧವಾದವು. ಕೊನೆಯ ಕರಡು ತಿದ್ದಲು ಕೂತಾಗ ಅಕ್ಷರಗಳು ಮಂಜಾಗಿ ಕಂಡವು. ಕನ್ನಡಕ ಬದಲಿಸಿದರೂ ಸರಿಹೋಗಲಿಲ್ಲ. ಬಲಗಣ್ಣಿನಲ್ಲಿ ಪೊರೆ ಬಲಿತಿದೆ, ತೆಗೆಸಲೇಬೇಕು ಎಂದರು ಜಯನಗರದ ಕಣ್ಣಿನ ವೈದ್ಯೆ.

ಮುರಿಗೆವ್ವನವರಿಗೆ ಅಂದು ನಿಜಕ್ಕೂ ಹೆದರಿಕೆಯಾಯಿತು. "ಕೈ ಮುರದ್ರ ಚಿಂತಿಲ್ಲ, ಕಾಲು ಮುರದ್ರ ಇವ್ರು ಸ್ಕೂಟರ್ ಮ್ಯಾಲ ಕೂಡಿಸ್ಕೊಂಡು ಹೋಗ್ತಾರ. ಕಣ್ಣು ಹೋದ್ರ ನಾನು ಏನು ನೋಡ್ಲಿ? ಆಪರೇಷನ್ ಹಿಂದಿನ ದಿನ ಕುಂತು ನನಗ ಇಷ್ಟದ ಚಿತ್ರ ಎಲ್ಲಾ ಒಮ್ಮೆ ನೋಡ್ಕೊಂಡೆ. ಊರಿಗೆ ಹೋಗೋ ಮುಂದ ಮಂದೀನ ಮಾತಾಡ್ಸಿ ಹೋಗ್ತೀವಲ್ರಿ, ಹಂಗ."

ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಚನ್ನವೀರ ಕೂತಿದ್ದರು. ಆ ಕ್ಷಣವನ್ನು ಗಂಡಹೆಂಡತಿ ಇಬ್ಬರೂ ಪೈಪೋಟಿಯಲ್ಲಿ ಹೇಳುತ್ತಾರೆ.

"ಏನ್ರಿ, ಹೊಸ ಅಂಗಿ ಹಾಕ್ಕೊಂಡ್ ಬಂದೀರಲ್ಲ ಅಂದ್ಲು," ಎನ್ನುತ್ತಾರೆ ಚನ್ನವೀರ. "ನಾನಂದೆ, ಇದು ಹಳೇದ. ನೀನ ಕೊಡಿಸಿದ್ದು, ಆರು ವರ್ಷ ಆತು."

"ನನಗ ಅದು ಬೂದಿ ಬಣ್ಣದ ಅಂಗಿ ಅಂತ ಗೊತ್ತು. ನೋಡಿದ್ರ ನೀಲಿ! ಅಂಗಡ್ಯಾಗ ನಾನ ಆರಿಸಿದ್ದು ನೀಲಿ ಅಂತ. ಯಾವಾಗ ಅದು ನನ್ನ ಕಣ್ಣಾಗ ಬೂದಿ ಆತೋ ನನಗ ಗೊತ್ತ ಆಗಿಲ್ಲ."

ಕಣ್ಣಿನ ಪೊರೆ ಬರೀ ಮಂಜು ಕವಿಸುವುದಿಲ್ಲ, ಹಳದಿ ಕಂದು ಗಾಜಿನಂತೆ ಅಡ್ಡ ನಿಲ್ಲುತ್ತದೆ ಎಂದು ವೈದ್ಯೆ ತಿಳಿಹೇಳಿದರು. ಅದು ಮೊದಲು ತಿನ್ನುವುದು ನೀಲಿಯನ್ನು. ನಿಧಾನವಾಗಿ, ವರ್ಷಗಟ್ಟಲೆ ಆಗುವುದರಿಂದ ತಿಳಿಯುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವಾಗ ಮುರಿಗೆವ್ವ ಕಪ್ಪು ಕನ್ನಡಕದ ಅಂಚಿನಿಂದ ಆಕಾಶ ನೋಡಿದರು, ಬಿಎಂಟಿಸಿ ಬಸ್ಸು ನೋಡಿದರು, ಫುಟ್‌ಪಾತಿನ ಪ್ಲಾಸ್ಟಿಕ್ ಬಕೆಟ್‌ಗಳ ರಾಶಿ ನೋಡಿದರು. "ಬಕೆಟ್ ನೋಡಿ ಅತ್ಲು ನೋಡ್ರಿ ಈಕಿ," ಎಂದು ಚನ್ನವೀರ ಈಗಲೂ ಚುಡಾಯಿಸುತ್ತಾರೆ.

ಆದರೆ ಮನೆಗೆ ಬಂದು ತಮ್ಮ ಪುಸ್ತಕದ ಕರಡು ತೆರೆದಾಗ ಅವರ ನಗು ನಿಂತಿತು. ಪುಟ ಪುಟದಲ್ಲೂ "ಬೂದು ಆಕಾಶ", "ಮಸುಕು ಹಸಿರು ಸೆರಗು", "ಕಂದು ನೆಲ". ನೀಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದಖ್ಖನಿನ ಈ ಚಿತ್ರಗಳಲ್ಲಿ ನೀಲಿ ಮಾಸಿಹೋಗಿದೆ ಎಂದು ಒಂದು ಇಡೀ ಅಧ್ಯಾಯವನ್ನೇ ಬರೆದಿದ್ದರು. ಅದಕ್ಕೆ ಕಾರಣಗಳನ್ನೂ ಕೊಟ್ಟಿದ್ದರು. ಮಾಸಿದ್ದು ಚಿತ್ರಗಳಲ್ಲ ಎಂದು ಈಗ ಅರ್ಥವಾಯಿತು.

ಮೈತ್ರೇಯಿ ಅವರಿಗೆ ಫೋನ್ ಮಾಡಿ ಅಚ್ಚು ನಿಲ್ಲಿಸಿ ಎಂದರು.

"ನಾನು ಫಸ್ಟು ತಲೆ ಮೇಲೆ ಕೈ ಇಟ್ಕೊಂಡೆ," ಎನ್ನುತ್ತಾರೆ ಮೈತ್ರೇಯಿ. "ಪ್ರೆಸ್‌ನಲ್ಲಿ ಪೇಪರ್ ಬಂದು ಬಿದ್ದಿತ್ತು. ಮೇಡಂ, ಯಾರಿಗ್ ಗೊತ್ತಾಗತ್ತೆ, ಒಂದು ಸಣ್ಣ ನೋಟ್ ಹಾಕಿ ಬಿಟ್ಬಿಡೋಣ ಅಂದೆ. ಅವ್ರು ಸಿಟ್ಟಾಗ್ಲಿಲ್ಲ. 'ಮೈತ್ರೇಯಿ, ಆ ಪೇಂಟರ್ ಕಲ್ಲು ಅರ್ದು ನೀಲಿ ಮಾಡಿದಾನೆ, ನಾನು ಅದನ್ನ ಬೂದಿ ಮಾಡಿ ಅಚ್ಚು ಹಾಕ್ಲಾ' ಅಂದ್ರು. ಆಮೇಲೆ ನಾನೇನ್ ಹೇಳ್ಲಿ? ಸರಿ, ಎಷ್ಟು ಟೈಮ್ ಬೇಕೋ ತಗೊಳಿ ಅಂದೆ."

ಹೀಗೆ ಶುರುವಾಯಿತು ಮರುಭೇಟಿ. ಅಸಲಿ ಚಿತ್ರಗಳು ಸಿಕ್ಕಿದ್ದ ಪ್ರತಿ ಮನೆಗೂ ಮತ್ತೊಮ್ಮೆ ಹೋಗಬೇಕು. ಕೆಲವರು ಮನೆ ಬದಲಿಸಿದ್ದರು. ವಸಂತಪುರದ ಒಂದು ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಅಲ್ಲಿಯ ಸೆಕ್ಯುರಿಟಿಯವರು ಮುರಿಗೆವ್ವನವರನ್ನು ಅಡುಗೆ ಕೆಲಸ ಹುಡುಕಿಕೊಂಡು ಬಂದವರೆಂದು ತಿಳಿದು ಮೂರು ಫ್ಲ್ಯಾಟುಗಳ ವಿಳಾಸ ಕೊಟ್ಟರು. ಅವುಗಳಲ್ಲೊಂದರಲ್ಲಿ ಹಳೆಯ ಮನೆಯವರೇ ಸಿಕ್ಕರು! ಚಿತ್ರವೂ ಕ್ಷೇಮವಾಗಿತ್ತು. ಅದರ ಆಕಾಶ, ಮುರಿಗೆವ್ವ ಕರಡಿನಲ್ಲಿ ಬರೆದ ಮಾತಿನಲ್ಲೇ ಹೇಳುವುದಾದರೆ, "ಇಸ್ತ್ರಿ ಮಾಡಿದ ಪೊಲೀಸ್ ವ್ಯಾನಿನಷ್ಟು" ನೀಲಿಯಾಗಿತ್ತು. ಪೊಲೀಸ್ ವ್ಯಾನಿಗೆ ಯಾರು ಇಸ್ತ್ರಿ ಮಾಡುತ್ತಾರೆ ಎಂದು ನಾನು ಕೇಳಿದೆ. "ಅಷ್ಟು ಖುಷಿ ಆಗಿತ್ರಿ, ಬಾಯಿಗೆ ಬಂದದ್ದು ಬರದೀನಿ. ಮೈತ್ರೇಯಿ ಅದನ್ನ ತಗದಾಳ," ಎಂದರು.

ಈ ಮರುಭೇಟಿಗಳಲ್ಲಿ ಅವರು ಮತ್ತೆ ಮತ್ತೆ ಹೇಳಿಕೊಳ್ಳುವುದು ಗೊಟ್ಟಿಗೆರೆಯ ಅಂಜನಮ್ಮನವರ ಮನೆಯ ಕತೆ.

ಎಪ್ಪತ್ತಾರರ ಅಂಜನಮ್ಮ ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆದವರು. ಈಗ ಹೊಲದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಅವರ ಮಾವ ಹಿಂದೆ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಬಂಗಲೆಯೊಂದಕ್ಕೆ ತರಕಾರಿ ಕೊಡುತ್ತಿದ್ದರಂತೆ. ಆ ಮನೆಯವರು ಊರು ಬಿಡುವಾಗ ಒಂದು ಚಿತ್ರ ಕೊಟ್ಟರು. ಕೈಯಲ್ಲಿ ವೀಣೆ ಹಿಡಿದ ಹೆಂಗಸು, ಸುತ್ತ ಜಿಂಕೆಗಳು. ವೀಣೆ ಇದ್ದ ಮೇಲೆ ಸರಸ್ವತಿಯೇ ಸರಿ ಎಂದು ದೇವರ ಕೋಣೆಯಲ್ಲಿ ತೂಗುಹಾಕಿದರು. ಮನೆಯ ಮಕ್ಕಳ ಅಕ್ಷರಾಭ್ಯಾಸವೆಲ್ಲ ಅವಳ ಮುಂದೆಯೇ ಆಗಿದೆ.

ಮೊದಲ ಸಲ ಹೋದಾಗ ಮುರಿಗೆವ್ವನವರಿಗೆ ಪೇಚಾಟಕ್ಕಿಟ್ಟುಕೊಂಡಿತು. ಅದು ಸರಸ್ವತಿಯಲ್ಲ, ತೋಡಿ ಎಂಬ ರಾಗಿಣಿ. ಹೇಳಬೇಕೋ ಬೇಡವೋ? ಹೇಳಿಯೇಬಿಟ್ಟರು. ಅಂಜನಮ್ಮ ಅರೆಕ್ಷಣ ಯೋಚಿಸಿ, "ತೋಡಿ ಅಂತ ಎಸ್ರಾ ಅವಳ್ದು? ಇಷ್ಟು ವರ್ಸ ಎಸರು ತಪ್ಪಾಗಿ ಕರೀತಿದ್ರೂ ಬೇಜಾರ್ ಮಾಡ್ಕೊಂಡಿಲ್ಲ, ಒಳ್ಳೇಳು ಕಣವ್ವ," ಎಂದರಂತೆ. ಅಂದಿನಿಂದ ಆ ಮನೆಯಲ್ಲಿ ಅವಳು ತೋಡಿಯಮ್ಮ. ಶುಕ್ರವಾರ ಅವಳಿಗೆ ಹೂವು ತಪ್ಪಿಲ್ಲ.

ತೋಡಿ ಹೊಲ ಕಾಯುವ ಹೆಣ್ಣು, ಬೆಳೆ ಮೇಯಲು ಬಂದ ಜಿಂಕೆಗಳು ಅವಳ ಹಾಡಿಗೆ ಮರುಳಾಗಿ ಮೇಯುವುದನ್ನೇ ಮರೆತವು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಮುರಿಗೆವ್ವ ಇದನ್ನು ಹೇಳಿದಾಗ ಅಂಜನಮ್ಮ ಬಿದ್ದು ಬಿದ್ದು ನಕ್ಕರು. "ನಾನು ರಾಗಿ ಒಲಕ್ಕೆ ಅಂದಿ ಬರ್ದಂಗೆ ತಗಡು ಬಡೀತಿದ್ದೆ. ಇವ್ಳು ನೋಡು, ವೀಣೆ ತಕಂಡ್ ಓಗವ್ಳೆ!" ಆಮೇಲೆ ಚಿತ್ರಕ್ಕೆ ಮುಖ ಹತ್ತಿರ ತಂದು, "ಒಲ ಕಾಯ್ತಾಳೆ ಅಂತೀಯ. ಒಲದಾಗೆ ಬೆಳೇನೇ ಇಲ್ವಲ್ಲವ್ವ?" ಎಂದರು.

ಚಿತ್ರದಲ್ಲಿ ಅವಳ ಕಾಲ ಬಳಿ ಇದ್ದದ್ದು ಬರೀ ಕಂದು ನೆಲ. ಅಂಜನಮ್ಮನವರಿಗೂ ಹಾಗೆಯೇ ಕಂಡಿತ್ತು, ಮುರಿಗೆವ್ವನವರಿಗೂ ಹಾಗೆಯೇ ಕಂಡಿತ್ತು. "ಖಾಲಿ ನೆಲ" ಎಂದು ಬರೆದುಕೊಂಡು ಬಂದಿದ್ದರು.

ಈ ಸಲ ಹೊಸ ಕಣ್ಣಿನೊಂದಿಗೆ ಹೋದರು. ಮುಂಜಾನೆಯ ಬೆಳಕಿಗೆ ಚಿತ್ರ ಇಟ್ಟು ಕನ್ನಡಿ ಹಿಡಿದರು. ನೆಲದ ತುಂಬ, ಜಿಂಕೆಗಳ ಗೊರಸಿನವರೆಗೂ, ತೆಳ್ಳನೆಯ ಕಡ್ಡಿಗಳ ತುದಿಯಲ್ಲಿ ಸಾವಿರಾರು ತಿಳಿನೀಲಿ ಹೂವುಗಳು! ಒಂದೊಂದೂ ಸೂಜಿಯ ಮೊನೆಯಷ್ಟು. ಒಂದೊಂದಕ್ಕೂ ಎಸಳು.

"ನಾನು ಕೂಗಿದ್ದು ಬೀದಿ ತನಕ ಕೇಳಿಸ್ತಂತ್ರಿ. ಮೊಬೈಲ್ ಅಂಗಡಿಯಾಂವ ಓಡಿ ಬಂದ. ಅಂಜನಮ್ಮಾರ, ಬೆಳಿ ಐತಿ, ಹೊಲ ತುಂಬ ಬೆಳಿ ಐತಿ, ಅಗಸಿ ಬೆಳಿ ಅಂದೆ."

ಅಂಜನಮ್ಮ ನಂಬಲಿಲ್ಲ. ನಂಬದಿರಲು ಅವರಿಗೆ ಕಾರಣವೂ ಇತ್ತು. ಗೊಟ್ಟಿಗೆರೆಯ ಕಡೆ ಅಗಸೆ ಎಂದರೆ ಮರ. ಅದರ ಸೊಪ್ಪನ್ನು ದನಕ್ಕೆ ಹಾಕುತ್ತಾರೆ, ಹೂವು ಬಿಳಿ. "ಅಗಸೆ ಊವ ನೀಲಿ ಅಂತೀಯಲ್ಲವ್ವ, ಒಲದಾಗೆ ಅಗಸೆ ಮರ ಯಾಕೆ ಬೆಳೀತಾರೆ? ಕಣ್ಣು ಆಪ್ರೇಸನ್ ಮಾಡ್ಸಿ ಇನ್ನೂ ಕೆಡಿಸ್ಕಂಡ್ ಬಂದೆಯಾ?" ಎಂದು ಗದರಿದರು. ಮುರಿಗೆವ್ವ ಮರುದಿನ ತಮ್ಮ ಮನೆಯಿಂದ ಒಂದು ಡಬ್ಬಿ ಅಗಸಿ ಹಿಂಡಿ, ಅಂದರೆ ಅಗಸಿ ಚಟ್ನಿಪುಡಿ ಒಯ್ದರು. ಜೊತೆಗೆ ಒಂದು ಹಿಡಿ ಬೀಜ. ಹೊಳೆಯುವ ಕಂದು ಬೀಜ ನೋಡಿದ್ದೇ ಸೊಸೆ ದಿವ್ಯ ಕುಣಿದರಂತೆ. "ಅಯ್ಯೋ ಅತ್ತೆ, ಇದು ಫ್ಲ್ಯಾಕ್ಸ್ ಸೀಡು! ನಾನು ಡೈಲಿ ಸ್ಮೂದಿಗೆ ಹಾಕ್ಕೋತೀನಲ್ಲ, ಅದೇ!"

ಅಂಜನಮ್ಮ ಹಿಂಡಿಯನ್ನು ಮುದ್ದೆಯ ಜೊತೆ ನಂಚಿಕೊಂಡು ತಿಂದರು. ಮೆಚ್ಚಿದರು. ಆದರೆ ಚಿತ್ರ ನೋಡಿದರೆ ಅವರಿಗೆ ಮೊದಲಿನಂತೆ ಕಂದು ನೆಲವೇ. ಕನ್ನಡಿ ಹಿಡಿದರೂ ಅಷ್ಟೇ. ಆಗ ಮುರಿಗೆವ್ವ ಅವರ ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದರು. ಎರಡರಲ್ಲೂ ಹಾಲಿನಂತೆ ಪೊರೆ.

"ಎರಡು ವರ್ಷದಿಂದ ನಾವೂ ಹೇಳ್ತಾನೇ ಇದ್ವಿ," ಎನ್ನುತ್ತಾರೆ ದಿವ್ಯ. "ಕಣ್ಣಿಗೆ ಕತ್ತರಿ ಹಾಕಿಸ್ಕೊಳಲ್ಲ, ನಂಗೆ ಮೊಮ್ಮಕ್ಕಳ ಮುಖ ಕಾಣ್ಸತ್ತೆ ಸಾಕು ಅಂತ ಹಠ. ಟಿವಿ ಕಾಣಲ್ಲ ಅಂದ್ರೆ ಕೇಳಿಸ್ಕೋತೀನಿ ಅಂತಿದ್ರು."

ಮುರಿಗೆವ್ವ ಉಪದೇಶ ಮಾಡಲಿಲ್ಲ. ಹಿಂಡಿಯ ಡಬ್ಬಿ ವಾಪಸು ಕೇಳುವ ನೆಪದಲ್ಲಿ ವಾರಕ್ಕೊಮ್ಮೆ ಹೋದರು. ಹೋದಾಗಲೆಲ್ಲ ಅಗಸಿ ಹೊಲದ ಬಗ್ಗೆ ಮಾತಾಡಿದರು. ಹಿಂಗಾರಿಯಲ್ಲಿ ಕಪ್ಪು ಎರೆಭೂಮಿಯಲ್ಲಿ ಬಿತ್ತುತ್ತಾರೆ, ಮೊಣಕಾಲಿನ ಮೇಲೆ ಬರುತ್ತದೆ, ಹೂವು ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಉದುರುತ್ತದೆ, ಗಾಳಿ ಬಂದರೆ ಇಡೀ ಹೊಲ ಕೆರೆಯ ನೀರಿನಂತೆ ತುಳುಕುತ್ತದೆ. ಜೀವಮಾನವಿಡೀ ಹೊಲದಲ್ಲಿ ಕಳೆದರೂ ನೀಲಿ ಹೂವಿನ ಬೆಳೆಯನ್ನು ಅಂಜನಮ್ಮ ಕಂಡಿರಲಿಲ್ಲ. ಒಂದು ದಿನ ಅವರೇ ಕೇಳಿದರು: "ಅಲ್ಲ ಕಣವ್ವ, ನಮ್ಮನೇಲೇ ಇರೋ ಒಲ. ದಿನಾ ದೀಪ ಅಚ್ಚೋಳು ನಾನು. ನಿಂಗ್ ಕಾಣೋದು ನಂಗ್ಯಾಕ್ ಕಾಣ್ಬಾರ್ದು? ಆ ಡಾಕಟ್ರು ಎಲ್ಲವ್ರೆ?"

ಯುಗಾದಿ ಕಳೆದ ಮೇಲೆ ಜಯನಗರದ ಅದೇ ವೈದ್ಯೆಯ ಬಳಿ ಶಸ್ತ್ರಚಿಕಿತ್ಸೆಯಾಯಿತು. ಒಳಗೆ ಹೋಗುವಾಗ ಅಂಜನಮ್ಮ ಮುರಿಗೆವ್ವನವರ ಕೈ ಬಿಡಲಿಲ್ಲವಂತೆ. ಏನಾದರೂ ಎಡವಟ್ಟಾದರೆ ಈ ಮನೆಯವರಿಗೆ ಹೇಗೆ ಮುಖ ತೋರಿಸಲಿ ಎಂದು ಹೊರಗೆ ಬೆಂಚಿನ ಮೇಲೆ ಮುರಿಗೆವ್ವ ಬೆವರಿದರು. "ಇದರ ಮುಂದ ನನ್ನ ಆಪರೇಷನ್ ಏನೂ ಅಲ್ರಿ," ಎನ್ನುತ್ತಾರೆ.

ಪಟ್ಟಿ ಬಿಚ್ಚಿ, ಹನಿ ಹಾಕುವ ದಿನಗಳು ಮುಗಿದ ಮೇಲೆ ಒಂದು ಬೆಳಿಗ್ಗೆ ಗೊಟ್ಟಿಗೆರೆಗೆ ಹೊರಟಾಗ ನಾನೂ ಜೊತೆಗಿದ್ದೆ. ದೇವರ ಕೋಣೆಯಿಂದ ದಿವ್ಯ ಚಿತ್ರ ತಂದು ಕಿಟಕಿಯ ಬಳಿ ಇಡುತ್ತಾರೆ. ಬಿಸಿಲು ಓರೆಯಾಗಿ ಬೀಳುತ್ತಿದೆ. ಅಂಜನಮ್ಮ ಕುರ್ಚಿ ಬೇಡವೆಂದು ನೆಲದ ಮೇಲೇ ಕೂರುತ್ತಾರೆ. ಮುರಿಗೆವ್ವ ಭೂತಕನ್ನಡಿ ಕೊಡಲು ಹೋದರೆ ಕೈ ಅಡ್ಡ ಹಿಡಿದು "ತಡಿ" ಎನ್ನುತ್ತಾರೆ. ಬಾಗಿ ನೋಡುತ್ತಾರೆ. ಮುರಿಗೆವ್ವನವರ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿವೆ.

"ಬಂದೈತೆ," ಎನ್ನುತ್ತಾರೆ ಅಂಜನಮ್ಮ ಮೆಲ್ಲಗೆ. ಆಮೇಲೆ ಬೀದಿಗೆ ಕೇಳುವಂತೆ, "ಬೆಳೆ ಬಂದೈತೆ ಕಣೇ ದಿವ್ಯಾ! ಬಾರೇ ಇಲ್ಲಿ! ಕಂತೆಗಟ್ಲೆ ಬಂದೈತೆ! ನೋಡೇ, ಜಿಂಕೆ ಕಾಲೇ ಮುಚ್ಚೋಗದೆ!"

ದಿವ್ಯ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಅಂಜನಮ್ಮ ಈಗ ಕನ್ನಡಿ ಇಸಿದುಕೊಂಡು ತೋಡಿಯಮ್ಮನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಾರೆ. ಮೂಗುತಿ ಇದೆ ಎಂದು ಕಂಡುಹಿಡಿಯುತ್ತಾರೆ. ಒಂದು ಜಿಂಕೆಯ ಬಾಯಲ್ಲಿ ಕಿತ್ತ ಕಡ್ಡಿ ಇದೆ, ಅದು ಹಾಡು ಕೇಳುತ್ತಿಲ್ಲ, ಕಳ್ಳ ಜಿಂಕೆ ಎಂದು ದೂರುತ್ತಾರೆ. ಮುರಿಗೆವ್ವ ಗಡಬಡಿಸಿ ಬಾಗುತ್ತಾರೆ. ಕಡ್ಡಿ ಹೌದೋ, ಜಿಂಕೆಯ ಗದ್ದದ ರೇಖೆಯೋ ಎಂದು ಇಬ್ಬರ ನಡುವೆ ಜೋರು ವಾದ. ತೀರ್ಮಾನವಾಗುವ ಮೊದಲೇ ಬಿಸಿಲು ಮೇಲೇರುತ್ತದೆ, ಒತ್ತುಶ್ಯಾವಿಗೆ ಬರುತ್ತದೆ.

ಮರಳುವಾಗ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ ಪುಸ್ತಕದ ಬಗ್ಗೆ ಕೇಳುತ್ತೇನೆ. ನೀಲಿ ಮಾಸಿದೆ ಎಂಬ ಅಧ್ಯಾಯವನ್ನು ಅವರು ಕಿತ್ತುಹಾಕಿದ್ದಾರೆ. ಅದರ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಬಂದಿದೆ. ಮೈತ್ರೇಯಿ ಮತ್ತೆ ಕಾಗದ ತರಿಸಿದ್ದಾರೆ. ಮುರಿಗೆವ್ವನವರ ಎಡಗಣ್ಣಿನಲ್ಲೂ ಪೊರೆ ಇದೆ, ಮುಂದಿನ ತಿಂಗಳು ಅದೂ ಆಗಲಿ ಎಂದು ವೈದ್ಯೆ ದಿನಾಂಕ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಅವರು ಆ ಕಣ್ಣನ್ನೂ ಕೆಲಸಕ್ಕೆ ಹಚ್ಚಿದ್ದಾರೆ. ಒಂದು ಕಣ್ಣು ಮುಚ್ಚಿ ಒಂದರಿಂದ, ಆಮೇಲೆ ಇನ್ನೊಂದರಿಂದ ಚಿತ್ರ ನೋಡುತ್ತಾರೆ.

"ಚಿತ್ರ ಬರದಾಂವಗೂ ವಯಸ್ಸಾಗಿರಬೇಕಲ್ರಿ. ಆಗ ಆಪರೇಷನ್ ಎಲ್ಲಿತ್ತು? ಕೆ‌ಲವು ಚಿತ್ರದಾಗ ನೀಲಿ ಅತೀ ಜೋರು ಐತಿ. ಬಲಗಣ್ಣಿಗೆ ಚುಚ್ಚತೈತಿ, ಎಡಗಣ್ಣಿಗೆ ಬರೋಬ್ಬರಿ ಕಾಣ್ತೈತಿ. ಅಂದ್ರ ಅದನ್ನ ಬರದಾಂವ ಮುದುಕ ಇರಬಹುದು, ಪೊರಿ ಬಂದ ಕಣ್ಣಿಗೆ ಸಾಲದು ಅಂತ ಇನ್ನಷ್ಟು ನೀಲಿ ಹಾಕಿರಬಹುದು. ನನಗ ಅವನ್ನ ಹೋಗಿ ಮಾತಾಡ್ಸಬೇಕು ಅನಿಸ್ತೈತ್ರಿ."

ಹಾಗಾದರೆ ಗೊಟ್ಟಿಗೆರೆಯ ಹೊಲದಲ್ಲಿರುವುದು ಖಂಡಿತ ಅಗಸಿಯೇ ಎಂದು ಪುಸ್ತಕದಲ್ಲಿ ಬರೆದಿದ್ದೀರಾ ಎಂದು ಕೇಳುತ್ತೇನೆ. ಆಟೋ ಹೊರಡುತ್ತದೆ. ಮುರಿಗೆವ್ವ ಗಾಳಿಗೆ ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ಇಲ್ರಿ. ಅಗಸಿ ಇರಬಹುದು ಅಂತ ಬರದೀನಿ. ಮುಂಜಾನಿ ಇರಬಹುದು, ಹೊಲ ಕಾಯಾಕಿ ಇರಬಹುದು. ನನ್ನ ಪುಸ್ತಕದ ತುಂಬ ಇರಬಹುದು ಅನ್ನೋ ಮಾತ ಭಾಳ. ನೀಲಿ ಅಂತ ಬರದಲ್ಲೆ ಮಾತ್ರ ಅದು ಇಲ್ಲ."